ಹಳೇ ಗೂಡ್ಸ್ ವ್ಯಾನ್ ತಗೊಂಡು ಫ್ಯಾಮಿಲಿ ಕ್ಯಾಂಪಿಂಗ್ ಗಾಡಿ ಮಾಡ್ಬೇಕು ಅಂತಿದೀನಿ, ಬೈಯೋರು ಈಗ್ಲೇ ಬೈದ್ಬಿಡಿ

ತುಂಗಾತೀರ
ಎಲ್ರಿಗೂ ನಮಸ್ಕಾರ, ನಾನು ಶಿವಮೊಗ್ಗದೋನು. ಮನೇಲಿ ಐದು ಜನ, ನಾನು, ನನ್ನ ಹೆಂಡ್ತಿ, 11 ವರ್ಷದ ಮಗಳು, 6 ವರ್ಷದ ಮಗ, ಆಮೇಲೆ ಅಮ್ಮ. ಅಮ್ಮಂಗೆ 68, ಮಂಡಿ ನೋವು, ಆದ್ರೆ ಎಲ್ಲಿಗಾದ್ರೂ ಹೊರಟ್ವಿ ಅಂದ್ರೆ ಎಲ್ರಿಗಿಂತ ಮೊದ್ಲು ಚಪ್ಪಲಿ ಮೆಟ್ಕೊಂಡು ಗೇಟ್ ಹತ್ರ ನಿಂತಿರ್ತಾರೆ. ರಜಾ ಬಂದ್ರೆ ಎಲ್ಲಿ ಹೋದ್ರೂ ಎರಡು ರೂಮ್ ಬೇಕು, ದಸರಾ ಟೈಮಲ್ಲಂತೂ ರೂಮಿನ ರೇಟ್ ಕೇಳಿದ್ರೆ ಟ್ರಿಪ್ಪೇ ಬೇಡ ಅನ್ಸುತ್ತೆ. ಅದಕ್ಕೆ ಒಂದು ವರ್ಷದಿಂದ ಈ ಹುಚ್ಚು ಹಿಡಿದಿದೆ.

ಇಲ್ಲೊಂದು ಬೇಕರಿಯೋರ ಡೆಲಿವರಿ ವ್ಯಾನ್ ಮಾರಾಟಕ್ಕಿದೆ, ಫೋರ್ಸ್ ಟ್ರಾವೆಲರ್, 2015 ಮಾಡೆಲ್, 3.80 ಲಕ್ಷ ಹೇಳ್ತಿದಾರೆ, 3.40ಕ್ಕೆ ಬರ್ಬಹುದು. ಒಳಗೆ ನೆಟ್ಟಗೆ ನಿಂತ್ಕೋಬಹುದು, ಬಾಗ್ಲು ತೆಗೆದ್ರೆ ಈಗ್ಲೂ ಬನ್ನಿನ ವಾಸ್ನೆ. ಹೋದವಾರ ಮಗನ್ನ ಕರ್ಕೊಂಡು ಹೋಗಿ ತೋರಿಸ್ದೆ, ಅವ್ನು ಇಳಿಯೋಕೇ ಒಪ್ಲಿಲ್ಲ.

ಪ್ಲಾನ್ ಏನಂದ್ರೆ ಎರಡೂ ಸೈಡಿಗೆ ಉದ್ದಕ್ಕೆ ಬೆಂಚು, ರಾತ್ರಿ ಮಧ್ಯ ಹಲಗೆ ಹಾಕಿದ್ರೆ ಹಾಸಿಗೆ, ಹಿಂದೆ ಅಡುಗೆ ಕಟ್ಟೆ, ಸಣ್ಣ ಸಿಂಕು, ಮೇಲೆ ಸೋಲಾರ್, ಒಂದು ಫ್ರಿಡ್ಜ್. ಬಾಮೈದ ಕಾರ್ಪೆಂಟ್ರಿ ಕೆಲಸ ಬಲ್ಲ. ಎಲ್ಲಾ ಸೇರಿ 7 ಲಕ್ಷದೊಳಗೆ ಮುಗೀಬೇಕು. ಟೋಕನ್ 10 ಸಾವ್ರ ಕೊಟ್ಟಾಗಿದೆ. ಏನ್ ಹೇಳ್ತೀರ?

ಸ್ಪ್ಯಾನರ್_ಸಾಮಿ
ಒಳ್ಳೆ ಗಾಡಿ ಸಾರ್. ಆ 2.6 ಲೀಟರ್ ಇಂಜಿನ್ ಹಳೇ ಮರ್ಸಿಡಿಸ್ ಡಿಸೈನಿಂದ ಬಂದಿದ್ದು, ಯಾವ ಹಳ್ಳಿ ಮೆಕ್ಯಾನಿಕ್ ಆದ್ರೂ ಬಿಚ್ತಾನೆ. ಫೋಟೋ ಹಾಕಿ.

ಬಿಳಿಬೋರ್ಡ್
ಫೋಟೋ ಆಮೇಲೆ ಹಾಕಿ, ಮೊದ್ಲು ಆರ್‌ಸಿ ತೆಗೆದು ಓದಿ. ಅದ್ರಲ್ಲಿ ಗೂಡ್ಸ್ ಕ್ಯಾರಿಯರ್ ಅಂತಿದ್ಯಾ? ಸೀಟಿಂಗ್ ಎಷ್ಟು, ಎರಡಾ ಮೂರಾ? ಬೋರ್ಡ್ ಹಳದಿ ತಾನೆ?

ತುಂಗಾತೀರ
ಹೌದು ಹಳದಿ. ಸೀಟಿಂಗ್ 3, ಡ್ರೈವರ್ ಸೇರಿ. ಬಿಳಿ ಬೋರ್ಡ್ ಮಾಡ್ಸಿಕೊಡ್ತೀನಿ ಅಂತ ಒಬ್ರು ಏಜೆಂಟ್ ಹೇಳಿದಾರೆ, 35 ಸಾವ್ರ ಆಗುತ್ತಂತೆ.

ಬಿಳಿಬೋರ್ಡ್
ಹಾಗಾದ್ರೆ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಟ್ಯಾಕ್ಸಿ ಓಡ್ತಿದ್ದ ಕಾರನ್ನ ಹಳದಿಯಿಂದ ಬಿಳಿಗೆ ತರೋದು ಬೇರೆ ವಿಷ್ಯ, ಅಲ್ಲಿ ಸೀಟು ಬೆಲ್ಟು ಎಲ್ಲಾ ಕಂಪನಿಯಿಂದ ಬಂದಾಗ್ಲೇ ಇರುತ್ತೆ. ನಿಮ್ಮದು ಕಂಪನಿಯೋರು ಸಾಮಾನು ಸಾಗ್ಸೋಕೆ ಅಂತ ಮಾಡಿದ ಗಾಡಿ, ಹಿಂದೆ ಮನುಷ್ಯರು ಕೂರ್ತಾರೆ ಅಂತ ಯಾರೂ ಲೆಕ್ಕ ಹಾಕಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಓದಿ, ಆರ್‌ಸಿಲಿರೋ ವಿವರ ಕಂಪನಿ ಮೂಲ ಸ್ಪೆಸಿಫಿಕೇಶನ್‌ಗಿಂತ ಬೇರೆ ಆಗೋ ಥರ ಬದ್ಲಾಯಿಸೋ ಹಾಗಿಲ್ಲ. 2019ರ ಜನವರಿಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಕೇಸಲ್ಲಿ ಇದನ್ನೇ ಹೇಳ್ತು. ಅದೇ ವರ್ಷದ ತಿದ್ದುಪಡಿಲಿ 182ಎ ಬಂತು, ಒಂದೊಂದು ಮಾರ್ಪಾಡಿಗೆ 5,000 ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಕ್ಯಾರಾವಾನ್ ಅಂತಲೇ ಗಾಡಿ ಪಾಸ್ ಮಾಡ್ಸೋಕೆ ಎಐಎಸ್ 124 ಅಂತ ಸ್ಟ್ಯಾಂಡರ್ಡ್ ಇದೆ, ಆದ್ರೆ ಅದು ಟೆಸ್ಟ್ ಮಾಡ್ಸಿ ಅಪ್ರೂವಲ್ ತಗೊಂಡಿರೋ ಬಿಲ್ಡರ್‌ಗಳ ದಾರಿ. ನಿಮ್ಮ ಬಾಮೈದ ಎಷ್ಟೇ ಚೆನ್ನಾಗಿ ರಂಧ ಹೊಡೆದ್ರೂ ಆ ಕಾಗದ ಹುಟ್ಟಲ್ಲ.

ಇದೆಲ್ಲಾ ಬಿಡಿ, ದಂಡ ಕಟ್ಟಿದ್ರಾಯ್ತು ಅನ್ನೋಣ. ಗೂಡ್ಸ್ ಗಾಡಿಲಿ ಸುಮ್ನೆ ಕೂತ್ಕೊಂಡು ಹೋಗ್ತಿದ್ದೋರಿಗೆ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕಂಪನಿ ಕೊಡ್ಬೇಕಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಆ ಉದ್ದದ ಬೆಂಚ್ ಮೇಲೆ ಬೆಲ್ಟ್ ಇಲ್ದೆ ಅಡ್ಡಕ್ಕೆ ಕೂತಿರೋರು ಯಾರು ಯೋಚ್ನೆ ಮಾಡಿ. ನಿಮ್ಮ ಮಕ್ಕಳು, ನಿಮ್ಮ ಅಮ್ಮ.

ಹುಬ್ಬಳ್ಳಿ_ಗಿರ್ಮಿಟ್
ಏನ್ ಹೆದರಸ್ತೀರಿ ಸಾಹೇಬ್ರ, ನಮ್ಮ ಕಡೆ ಎಲ್ಲಮ್ಮನ ಗುಡ್ಡಕ್ಕ ಟಾಟಾ ಏಸ್ ತುಂಬ ಮಂದಿ ಹೊಕ್ಕಾರ, ಯಾರ ಹಿಡೀತಾರ? ಒಳಗ ಹಾಸಿಗಿ ಐತಿ ಅಂತ ಹೊರಗ ನಿಂತಾಂವಗ ಏನ್ ಗೊತ್ತಾಗತೈತಿ.

ಬಿಳಿಬೋರ್ಡ್
ಹಿಡಿಯಲ್ಲ ಅಣ್ಣ, ನಿಜ. ಗಾಡಿ ಪಲ್ಟಿ ಆದ ದಿನ ಮಾತ್ರ ಎಲ್ರಿಗೂ ಗೊತ್ತಾಗುತ್ತೆ.

ಹುಬ್ಬಳ್ಳಿ_ಗಿರ್ಮಿಟ್
ಅದೂ ಖರೇನ ಬಿಡ್ರಿ.

ಕುಡ್ಲ_ಡೀಸೆಲ್
ಕಾಗದದ್ದು ಅವರು ಹೇಳಿದ್ರು. ನಾನು ಗಾಡಿಯದ್ದು ಹೇಳ್ತೇನೆ. ಯಾವ ಹಳೇ ಗೂಡ್ಸ್ ವ್ಯಾನ್ ನೋಡ್ಲಿಕ್ಕೆ ಹೋದ್ರೂ ಮೊದಲು ಫ್ಲೋರಿನ ರಬ್ಬರ್ ಮ್ಯಾಟ್ ಎಬ್ಬಿಸಿ ನೋಡಿ ಮಾರಾಯ್ರೆ. ನಾನು ಎರಡು ವರ್ಷ ಹಿಂದೆ ಒಂದು ತಗೊಂಡೆ, ಹೊರಗಿಂದ ಮದುಮಗನ ಹಾಗೆ ಇತ್ತು, ಹೊಸ ಪೇಂಟ್. ಮನೆಗೆ ತಂದು ಮ್ಯಾಟ್ ತೆಗೆದ್ರೆ ಅಡಿಯಲ್ಲಿ ಬಿಳಿ ಬಿಳಿ ಉಪ್ಪು. ಮೀನಿನ ಕ್ರೇಟ್ ಹಾಕ್ತಿದ್ದ ಗಾಡಿ ಅದು, ಐಸ್ ಕರಗಿದ ನೀರೆಲ್ಲ ಮ್ಯಾಟಿನ ಅಡಿಗೆ ಇಳಿದು ಅಲ್ಲೇ ಕೂತದ್ದು. ಸ್ಕ್ರೂಡ್ರೈವರ್ ಒತ್ತಿದೆ, ಹಪ್ಪಳದ ಹಾಗೆ ಟಪ್ ಅಂತ ಒಳಗೆ ಹೋಯ್ತು, ಕೆಳಗೆ ಅಂಗಳ ಕಾಣ್ತದೆ! ಫ್ಲೋರ್ ಪೂರಾ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸ್ಲಿಕ್ಕೆ 48 ಸಾವಿರ ಹೋಯ್ತು, ವಾಸನೆ ಈಗಲೂ ಮಳೆಗಾಲದಲ್ಲಿ ಬರ್ತದೆ. ನನ್ನ ಹೆಂಡತಿ ಅದ್ರಲ್ಲಿ ಇವತ್ತಿನವರೆಗೆ ಮಲಗ್ಲಿಲ್ಲ.

ಬೇಕರಿ ಗಾಡಿಗೆ ಉಪ್ಪು ಇಲ್ಲ, ಆದ್ರೆ ಇಲಿ ಉಂಟು. ವೈರಿಂಗ್ ನೋಡಿ.

ಸ್ಟುಟ್‌ಗಾರ್ಟ್_ಕನ್ನಡಿಗ
ನಾನು ಮೂಲ ಹಾಸನ, ಈಗ ಜರ್ಮನಿಲಿ. ಇಲ್ಲಿ ನಾನು ಇದೇ ಕೆಲಸ ಮಾಡಿದೀನಿ, ಕೊರಿಯರ್‌ಗೆ ಓಡ್ತಿದ್ದ ಸ್ಪ್ರಿಂಟರ್ ತಗೊಂಡು. ಇಲ್ಲಿ ದಾರಿ ಇದೆ, ಲಾರಿ ವರ್ಗದಿಂದ ‘ವೋನ್‌ಮೊಬಿಲ್’ (ಕ್ಯಾರಾವಾನ್) ಅಂತ ಕಾಗದ ಬದಲಾಯಿಸಬಹುದು, ಅದಕ್ಕೆ ಮಲಗೋ ಜಾಗ, ಟೇಬಲ್ ಜೊತೆ ಕೂರೋ ಜಾಗ, ಅಡುಗೆ ಮಾಡೋ ಜಾಗ, ಸಾಮಾನು ಇಡೋ ಕಪಾಟು ಇಷ್ಟೂ ಇರ್ಬೇಕು, ಗಾಡಿಗೆ ಭದ್ರವಾಗಿ ಫಿಕ್ಸ್ ಆಗಿರ್ಬೇಕು, ಆಮೇಲೆ ಇನ್ಸ್‌ಪೆಕ್ಟರ್ ಬಂದು ಒಂದೊಂದೇ ಅಲ್ಲಾಡಿಸಿ ನೋಡ್ತಾನೆ.

ಯೂಟ್ಯೂಬ್ ವಿಡಿಯೋದಲ್ಲಿ ಹೆಚ್ಚಾಗಿ ಗಂಡ ಹೆಂಡ್ತಿ ಒಂದು ನಾಯಿ ಇರ್ತಾರೆ, ಗಮನಿಸಿದೀರಾ? ಇಬ್ರಿಗೆ ಮುಂದಿನ ಎರಡು ಸೀಟ್ ಸಾಕು, ಹಿಂದೆ ಏನು ಬೇಕಾದ್ರೂ ಕಟ್ಬಹುದು. ಮಕ್ಕಳಿರೋರ ಕಥೆ ಬೇರೆ. ನನ್ನ ಇಡೀ ಬಿಲ್ಡ್‌ನಲ್ಲಿ ಒಂದೇ ಐಟಂಗೆ ಜಾಸ್ತಿ ದುಡ್ಡು ಹೋಗಿದ್ದು ಯಾವುದಕ್ಕೆ ಅಂದ್ರೆ ಟೆಸ್ಟ್ ಆಗಿರೋ ಹಿಂದಿನ ಡಬಲ್ ಸೀಟ್, ಅದರ ಬೆಲ್ಟ್, ಅದನ್ನ ಫ್ಲೋರಿಗೆ ಕೂರಿಸೋ ಕೆಲಸಕ್ಕೆ. ಹಾಸಿಗೆ ಫ್ರಿಡ್ಜ್ ಎಲ್ಲಾ ಆಮೇಲಿನ ಮಾತು. ಇನ್ನೊಂದು, ತೂಕ. ಮಾಮೂಲಿ ಕಾರ್ ಲೈಸೆನ್ಸ್‌ಗೆ ಇಲ್ಲಿ 3.5 ಟನ್ ಮಿತಿ, ನಾನು ಉತ್ಸಾಹಕ್ಕೆ 18 ಎಂಎಂ ಪ್ಲೈ ಹಾಕಿ ತೂಕದ ಕಾಟಾ ಮೇಲೆ ನಿಲ್ಸಿದಾಗ ಬೆವರು ಬಂತು, ಅರ್ಧ ಕಿತ್ತು ಬಿಸಾಕ್ದೆ.

ಸ್ಪ್ಯಾನರ್_ಸಾಮಿ
ಪ್ಲೈ ವಿಷ್ಯ ನಿಜ ಸಾರ್. 8ಕ್ಕೆ 4ರ 18 ಎಂಎಂ ಶೀಟ್ ಒಂದೇ ಹತ್ರ ಹತ್ರ 35 ಕೆಜಿ ಬರುತ್ತೆ, 12 ಎಂಎಂ ಆದ್ರೆ 23. ಆರು ಶೀಟ್ ಹಾಕಿದ್ರೆ ಮೂರು ದೊಡ್ಡೋರು ಎಕ್ಸ್‌ಟ್ರಾ ಕೂತಂಗೆ. ಕೆಳಗೆ ಅಲ್ಯುಮಿನಿಯಂ ಸೆಕ್ಷನ್ ಫ್ರೇಮ್ ಮಾಡಿ 12 ಹಾಕಿ ಸಾಕು, ನೀರು ತಾಗೋ ಕಡೆ 710 ಗ್ರೇಡ್ ತಗೊಳ್ಳಿ.

ಒಗ್ಗರಣೆ_ಡಬ್ಬಿ
ಇಷ್ಟೊತ್ತು ಓದ್ತಿದ್ದೆ, ಒಬ್ರೂ ಟಾಯ್ಲೆಟ್ ಬಗ್ಗೆ ಕೇಳ್ಲಿಲ್ಲ ನೋಡಿ, ಗಂಡಸರ ಚರ್ಚೆ ಅಂದ್ರೆ ಇದೇ 😄

ನಾವು ನಾಲ್ಕು ವರ್ಷದಿಂದ ಮಾರುತಿ ಈಕೋಲಿ ಸುತ್ತಾಡ್ತಿದೀವಿ, ಬಿಳಿ ಬೋರ್ಡ್, 5 ಸೀಟಿಂದು, ಗಾಡಿಗೆ ಒಂದು ತೂತೂ ಕೊರೆದಿಲ್ಲ. ಹಿಂದೆ ಒಂದು ಅಡುಗೆ ಪೆಟ್ಟಿಗೆ, ಸೈಡಿಗೆ ಟೆಂಟ್. ನನ್ನ ಅನುಭವ ಹೇಳ್ತೀನಿ ಕೇಳಿ ಅಣ್ಣ.

ವಯಸ್ಸಾದೋರು ಇದ್ರೆ ರಾತ್ರಿ ಎರಡು ಸಲ ಏಳ್ತಾರೆ, ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ಮಂಡಿ ನೋವಿನೋರನ್ನ ಕರ್ಕೊಂಡು ಹೋಗಕ್ಕಾಗಲ್ಲ. ಪೋರ್ಟಬಲ್ ಟಾಯ್ಲೆಟ್ ಒಂದು ತಗೊಳ್ಳಿ, ಅದಕ್ಕೆ ನಿಂತ್ಕೊಳ್ಳೋ ಥರದ ಸಣ್ಣ ಟೆಂಟು ಬರುತ್ತೆ. ಸಿಂಕ್ ಬೇಡ್ವೇ ಬೇಡ, ಎರಡು 20 ಲೀಟರ್ ಕ್ಯಾನು, ಒಂದಕ್ಕೆ ನಲ್ಲಿ ಇರೋದು, ಕೆಳಗೊಂದು ಬುಟ್ಟಿ. ಸಿಂಕ್ ಇಟ್ರೆ ಪೈಪು, ಪಂಪು, ಕೊಳೆ ನೀರಿನ ಟ್ಯಾಂಕು, ಅದ್ರ ವಾಸ್ನೆ. ಅಡುಗೆ ಗಾಡಿ ಒಳಗೆ ಮಾಡೋ ಯೋಚ್ನೇನೇ ಬಿಡಿ, ಸಾಸಿವೆ ಸಿಡಿಸಿದ ಘಾಟು ಹಾಸಿಗೆಯಿಂದ ಮೂರು ದಿನ ಹೋಗಲ್ಲ, ಗ್ಯಾಸ್ ಬೇರೆ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ, ಅಂದ್ರೆ ಮಕ್ಕಳು ಮಲಗೋ ಮಟ್ಟದಲ್ಲೇ ನಿಲ್ಲುತ್ತೆ. ನಾವು 5 ಕೆಜಿ ಸಿಲಿಂಡರ್ ಇಟ್ಕೊಂಡಿದೀವಿ, ನಿಲ್ಲಿಸಿದ ತಕ್ಷಣ ಹೊರಗೆ, ಮಲಗೋವಾಗ್ಲೂ ಹೊರಗೇ. ಒಲೆಗೆ ಗಾಳಿ ಮರೆ ಮಾಡೋಕೆ ಹಳೇ ಎಣ್ಣೆ ಡಬ್ಬದ ತಗಡು ಬಿಡಿಸಿ ಮಡಚಿಟ್ಟಿದೀನಿ, ಅದಕ್ಕಿಂತ ಒಳ್ಳೇದು ಅಂಗಡೀಲಿ ಸಿಕ್ಕಿಲ್ಲ.

ಈಕೋ ತಗೊಳ್ಳೋರಿಗೆ ಒಂದು ಮಾತು, ಇಂಜಿನ್ ಮುಂದಿನ ಸೀಟಿನ ಕೆಳಗೇ ಇರೋದ್ರಿಂದ ಸಾಯಂಕಾಲ ಗಾಡಿ ನಿಲ್ಲಿಸಿದ ಮೇಲೂ ಸುಮಾರು ಹೊತ್ತು ಬಿಸಿ ಏಳ್ತಾನೇ ಇರುತ್ತೆ. ಚಳಿಗಾಲದಲ್ಲಿ ಬೆಕ್ಕಿನ ಥರ ಅಲ್ಲೇ ಮಲ್ಕೋಬಹುದು, ಏಪ್ರಿಲ್‌ನಲ್ಲಿ ನರಕ.

ತುಂಗಾತೀರ
ಅಕ್ಕ, ಸಿಂಕ್ ಬೇಡ ಅಂದಿದ್ದಕ್ಕೆ ನನ್ನ ಹೆಂಡ್ತಿ ನಿಮಗೆ ಥ್ಯಾಂಕ್ಸ್ ಹೇಳು ಅಂದ್ಲು. ಕೊಳೆ ನೀರು ಯಾರು ಚೆಲ್ಲೋದು ಅಂತ ಮೊದಲ ದಿನದಿಂದ ಕೇಳ್ತಿದ್ಲು.

ಟಾಟಾ ಏಸ್, ಜೈಲು, ಮೀನು ಎಲ್ಲಾ ಓದಿ ನಿನ್ನೆ ಆರ್‌ಟಿಓ ಆಫೀಸಿಗೆ ನಾನೇ ಹೋದೆ, ಏಜೆಂಟ್ ಇಲ್ದೆ. ಅಲ್ಲಿದ್ದೋರು ಪಾಪ ಚೆನ್ನಾಗೇ ಮಾತಾಡಿದ್ರು, ಗೂಡ್ಸ್ ಗಾಡಿಗೆ ನೀವೇ ಸೀಟ್ ಕೂರಿಸ್ಕೊಂಡು ಬಂದ್ರೆ ನಾವು ಬರ್ಕೊಡಕ್ಕಾಗಲ್ಲ ಅಂತ ನೇರವಾಗಿ ಹೇಳಿದ್ರು. ಏಜೆಂಟ್‌ಗೆ ಫೋನ್ ಮಾಡಿ ಕೇಳಿದ್ರೆ ‘ಸಾರ್ ಬೋರ್ಡ್ ಬಿಳಿ ಆಗುತ್ತೆ ಅಂದಿದ್ದೆ, ಸೀಟ್ ಆಗುತ್ತೆ ಅಂದಿದ್ನಾ’ ಅಂದ. ಬೇಕರಿಯೋರು 10 ಸಾವ್ರದಲ್ಲಿ 7 ವಾಪಸ್ ಕೊಟ್ರು, ಜೊತೆಗೆ ಒಂದು ಪ್ಯಾಕೆಟ್ ರಸ್ಕು. ಮಗ ಎರಡು ದಿನ ಮಾತು ಬಿಟ್ಟಿದ್ದ.

ಈಗ ಮೊದಲೇ ಸೀಟ್ ಇರೋ ಬಿಳಿ ಬೋರ್ಡ್ ಗಾಡಿ ಹುಡುಕ್ತಿದೀನಿ. ಬೊಲೆರೊ ಕ್ಯಾಂಪರ್ ಹೆಂಗೆ? ಹೆಸ್ರಲ್ಲೇ ಕ್ಯಾಂಪರ್ ಇದೆ 😀

ಹುಬ್ಬಳ್ಳಿ_ಗಿರ್ಮಿಟ್
ಅದ್ರಾಗ ಕ್ಯಾಂಪ್ ಮಾಡೂದು ಸಿಮೆಂಟ್ ಚೀಲಾ ಅಷ್ಟ ರೀ. ಅದೂ ಗೂಡ್ಸ ಗಾಡೀನ, ಮತ್ತ ಅದ ಕತಿ ಆಕ್ಕೈತಿ.

ಬಿಳಿಬೋರ್ಡ್
ಟಾಟಾ ವಿಂಗರ್ ವ್ಯಾನ್ ನೋಡಿ. ಮುಂದಿನ ಚಕ್ರಕ್ಕೆ ಡ್ರೈವ್ ಇರೋದ್ರಿಂದ ಫ್ಲೋರ್ ತಗ್ಗು, ಅಮ್ಮನೋರಿಗೆ ಹತ್ತೋಕೆ ಸುಲಭ. ಪ್ಯಾಸೆಂಜರ್ ಮಾಡೆಲ್ಲೇ ಹುಡುಕಿ, ವಿಂಗರ್ ಕಾರ್ಗೋ ಕಂಡ್ರೆ ಮತ್ತೆ ಮರುಳಾಗ್ಬೇಡಿ. ಸೀಟು ಎಷ್ಟು ಆರ್‌ಸಿಲಿದ್ಯೋ ಅಷ್ಟೂ ಇರ್ಲಿ, ಬಿಚ್ಚಿ ಮನೇಲಿಟ್ಟು ಹೋಗೋದೂ ಲೆಕ್ಕಕ್ಕೆ ತಪ್ಪೇ. ನಿಮ್ಮ ಹಲಗೆ ಪೆಟ್ಟಿಗೆ ಎಲ್ಲಾ ಲಗೇಜ್ ಥರ ಇರ್ಬೇಕು, ಬೆಲ್ಟಲ್ಲಿ ಬಿಗಿದು ಒಯ್ಯೋದು, ಬೇಡ ಅಂದಾಗ ಹತ್ತು ನಿಮಿಷದಲ್ಲಿ ಹೊರಗೆ.

ಸ್ಪ್ಯಾನರ್_ಸಾಮಿ
ಕರೆಂಟ್ ವಿಷ್ಯ ನಾನು ಹೇಳ್ತೀನಿ, ಇದ್ರಲ್ಲಿ ನಂಗೆ ಕೈ ಸುಟ್ಟಿದೆ, ನಿಜವಾಗ್ಲೂ ಸುಟ್ಟಿದೆ. ಮೊದಲ ಸಲ ಗಾಡಿ ಬ್ಯಾಟರಿಯಿಂದ ಡೈರೆಕ್ಟ್ ಒಂದು ವೈರ್ ಎಳೆದು ಹಿಂದೆ ಫ್ಯಾನಿಗೆ ಕೊಟ್ಟಿದ್ದೆ, ಫ್ಯೂಸ್ ನಾಳೆ ಹಾಕೋಣ ಅಂತ. ತಗಡಲ್ಲಿ ತೂತು ಮಾಡಿ ವೈರ್ ತೂರಿಸಿದ್ನಲ್ಲ, ಆ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿರ್ಲಿಲ್ಲ. ಹಿರಿಯೂರು ದಾಟಿ ಸ್ವಲ್ಪ ದೂರ, ರಬ್ಬರ್ ಸುಟ್ಟ ವಾಸ್ನೆ, ಯಾರೋ ಹೊಲದಲ್ಲಿ ಟೈರ್ ಸುಡ್ತಿದಾರೆ ಅನ್ಕೊಂಡೆ. ಆಮೇಲೆ ನೋಡಿದ್ರೆ ನನ್ನ ಸೀಟಿನ ಹಿಂದೆ ಹೊಗೆ. ಅಲ್ಲಾಡಿ ಅಲ್ಲಾಡಿ ವೈರಿನ ತೊಗಲು ತಗಡಿಗೆ ಉಜ್ಜಿ ಹೋಗಿ ಶಾರ್ಟ್ ಆಗಿತ್ತು. ಬ್ಯಾಟರಿ ಟರ್ಮಿನಲ್ ಕೈಯಲ್ಲೇ ಎಳೆದೆ, ಎರಡು ಬೆರಳಿನ ತುದಿ ಈಗ್ಲೂ ನುಣ್ಣಗಿದೆ. ಹಾಗಾಗಿ ಫ್ಯೂಸು ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೆ, ನಾಳೆ ಅಲ್ಲ, ವೈರ್ ಎಳೆಯೋ ಮೊದ್ಲು.

ನಿಮಗೆ ಲೆಕ್ಕ ಹಾಕ್ಕೊಡ್ತೀನಿ. 12.8 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂದ್ರೆ 1,280 ವ್ಯಾಟ್ ಅವರ್. 40 ಲೀಟರ್ ಕಂಪ್ರೆಸರ್ ಫ್ರಿಡ್ಜ್ ನಮ್ಮ ಸೆಕೆಲಿ ದಿನಕ್ಕೆ 400 ಹತ್ರ ತಿನ್ನುತ್ತೆ ಅನ್ಕೊಳ್ಳಿ, 25 ವ್ಯಾಟಿನ ಎರಡು ಫ್ಯಾನ್ 9 ಗಂಟೆ ಅಂದ್ರೆ 450, ಲೈಟು ಫೋನು 100. ಒಂದು ದಿನ ಆರಾಮ, ಎರಡನೇ ದಿನಕ್ಕೆ ಚಾರ್ಜ್ ಬೇಕು. 20 ಆಂಪಿಯರಿನ ಡಿಸಿ ಟು ಡಿಸಿ ಚಾರ್ಜರ್, ಅಂದ್ರೆ ಗಾಡಿ ಓಡೋವಾಗ ಇಂಜಿನ್ ಕಡೆಯಿಂದ ಈ ಬ್ಯಾಟರಿಗೆ ಮಿತಿಯಲ್ಲಿ ಕರೆಂಟ್ ಕೊಡೋ ಡಬ್ಬ, ಇದ್ರೆ ನಾಲ್ಕು ಗಂಟೆ ಡ್ರೈವಲ್ಲಿ ಹೆಚ್ಚುಕಮ್ಮಿ 1,000 ವಾಪಸ್ ಬರುತ್ತೆ. ಅದಿಲ್ದೆ ಲಿಥಿಯಂನ ಆಲ್ಟರ್ನೇಟರ್‌ಗೆ (ಇಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋದು) ನೇರ ಕಟ್ಬೇಡಿ, ಮಿತಿ ಇಲ್ದೆ ಕರೆಂಟ್ ಎಳೆದು ಆಲ್ಟರ್ನೇಟರ್‌ನ ಸುಟ್ಟುಬಿಡುತ್ತೆ. ಸೋಲಾರ್ ಬೇಕಾದ್ರೆ ಮಡಚೋ ಪ್ಯಾನೆಲ್ ತಗೊಳ್ಳಿ, ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಅಡಿಕೆ ತೋಟದ ನೆರಳಲ್ಲಿ ನಿಲ್ಸಿ ಟಾಪ್ ಮೇಲಿನ ಸೋಲಾರ್ ಕೆಲಸ ಮಾಡ್ತಿಲ್ಲ ಅಂತ ನನಗೆ ಫೋನ್ ಮಾಡಿದೋರು ಇದಾರೆ. ತಲೆನೋವೇ ಬೇಡ ಅಂದ್ರೆ ಬ್ಯಾಟರಿ ಪ್ಲಗ್ಗು ಎಲ್ಲಾ ಒಂದೇ ಡಬ್ಬದಲ್ಲಿರೋ ರೆಡಿಮೇಡ್ ಪವರ್ ಸ್ಟೇಷನ್ ತಗೊಳ್ಳಿ, ದುಬಾರಿ, ಆದ್ರೆ ಗಾಡಿ ವೈರಿಂಗ್ ಮುಟ್ಟಂಗಿಲ್ಲ.

ಬಿಳಿಬೋರ್ಡ್
ಒಂದು ಸೇರಿಸ್ತೀನಿ. ಸೆಕೆ ಅಂತ ಇಂಜಿನ್ ಆನ್ ಇಟ್ಟು ಎಸಿ ಹಾಕ್ಕೊಂಡು, ಇಲ್ಲಾ ಪಕ್ಕದಲ್ಲಿ ಜನರೇಟರ್ ಇಟ್ಕೊಂಡು ಯಾವತ್ತೂ ಮಲಗ್ಬೇಡಿ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರ ಹತ್ರ ನಿಂತಿದ್ದ ಕ್ಯಾರಾವಾನ್ ಒಳಗೆ ಇಬ್ರು ತೀರ್ಕೊಂಡಿದ್ರು, ಜನರೇಟರಿಂದ ಬಂದ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ ವಾಸ್ನೆ ಇಲ್ಲ. ಅಲಾರಂ ಒಂದು ಸಿಗುತ್ತೆ, ಬ್ಯಾಟರಿ ಹಾಕಿ ತಲೆ ಹತ್ರ ಇಟ್ಕೊಳ್ಳಿ.

ಸ್ಟುಟ್‌ಗಾರ್ಟ್_ಕನ್ನಡಿಗ
ಕಿಟಕಿ ಎರಡು ಬೆರಳು ತೆಗೆದಿಡಿ, ಒಳಗೆ ನೀರು ಹನಿಯೋದು ಕಮ್ಮಿ ಆಗುತ್ತೆ. ಐದು ಜನ ರಾತ್ರಿಯಿಡೀ ಉಸಿರಾಡಿದ ತೇವ ಎಲ್ಲಾ ತಣ್ಣನೆ ತಗಡಿನ ಮೇಲೆ ಕೂತು ಬೆಳಗ್ಗೆ ಹಣೆ ಮೇಲೆ ತೊಟ್ಟಿಕ್ಕುತ್ತೆ. ಇಲ್ಲಿ ಚಳಿಗೆ ಹಾಗಾಗುತ್ತೆ, ಆಗುಂಬೆ ಕಡೆ ಜುಲೈಲಿ ಚಳಿ ಇಲ್ದೇನೂ ಆಗುತ್ತೆ. ಗಾಜಿನ ಮೇಲೆ ರೈನ್ ಗಾರ್ಡ್ ಹಾಕ್ಸಿ, ಒಳಗಿಂದ ಸೊಳ್ಳೆ ಪರದೆ, ಅಂಚಿಗೆ ಮ್ಯಾಗ್ನೆಟ್ ಪಟ್ಟಿ ಹೊಲಿದ್ರೆ ತಗಡಿಗೆ ಟಪ್ ಅಂತ ಅಂಟ್ಕೊಳ್ಳುತ್ತೆ.

ತುಂಗಾತೀರ (ಎರಡೂವರೆ ತಿಂಗಳಾದ್ಮೇಲೆ)
ಗಾಡಿ ಬಂತು! ಚಿಕ್ಕಮಗಳೂರು ಕಡೆ ಒಂದು ಎಸ್ಟೇಟ್ ಮನೆಯೋರ ವಿಂಗರ್, 2014, ಬಿಳಿ ಬೋರ್ಡ್, 9 ಸೀಟು, ಹಿಂದೆ ಲಗೇಜಿಗೆ ಅಂತ ಒಳ್ಳೆ ಜಾಗ. 4.25 ಲಕ್ಷ. ಮ್ಯಾಟ್ ಎಬ್ಬಿಸಿ ಸ್ಕ್ರೂಡ್ರೈವರ್ ಒತ್ತಿ ನೋಡ್ದೆ ಕುಡ್ಲ ಅಣ್ಣ, ಓನರ್ ನನ್ನ ಮುಖಾನೇ ನೋಡ್ತಿದ್ರು. ಸ್ಲೈಡಿಂಗ್ ಡೋರಿನ ಕೆಳಗೆ ಮಾತ್ರ ತುಕ್ಕು ಇತ್ತು, ಅದಕ್ಕೆ 6 ಸಾವ್ರ. ಟೈರ್ ನಾಲ್ಕೂ ಹೊಸದು.

ಲಗೇಜ್ ಜಾಗದಲ್ಲಿ ಬಾಮೈದ ಮೂರು ಪೀಸಿನ ಮಂಚ ಮಾಡಿದ, ಅಲ್ಯುಮಿನಿಯಂ ಫ್ರೇಮು, 12 ಎಂಎಂ ಪ್ಲೈ. ಕೆಳಗೆ ಅಡುಗೆ ಪೆಟ್ಟಿಗೆ, ನೀರಿನ ಕ್ಯಾನು, ಟಾಯ್ಲೆಟ್ಟು. ಸಮಸ್ಯೆ ಏನಂದ್ರೆ ಅಡ್ಡಕ್ಕೆ ಐದಡಿ ಚಿಲ್ರೆ ಅಷ್ಟೇ. ಅಮ್ಮ ನಾಲ್ಕಡಿ ಹತ್ತಿಂಚು, ಮಕ್ಕಳು ಇನ್ನೂ ಗಿಡ್ಡ, ಮೂರೂ ಜನ ಸಾಲಾಗಿ ಮಲಗಿದ್ರೆ ಅಳತೆ ಕೊಟ್ಟು ಹೊಲಿಸಿದಂಗೆ. ನಾನು ಐದಡಿ ಹತ್ತು. ಹಾಗಾಗಿ ಗಾಡಿ ಕೊಂಡೋನಿಗೆ ಗಾಡೀಲಿ ಜಾಗ ಇಲ್ಲ, ನಾವಿಬ್ರೂ ಪಕ್ಕದಲ್ಲಿ ಟೆಂಟು. ಮಗಳು ಈಗ್ಲೇ ವರ್ಷಕ್ಕೆ ಎರಡಿಂಚು ಏಳ್ತಿದಾಳೆ, ಇನ್ನೊಂದೆರಡು ವರ್ಷಕ್ಕೆ ಅವಳೂ ಟೆಂಟಿಗೆ ಬರ್ತಾಳೆ.

ಮೊನ್ನೆ ಶನಿವಾರ ಹುಲಿಕಲ್ ಘಾಟಿ ಇಳಿದು ಮರವಂತೆಗೆ ಹೋಗಿದ್ವಿ. ಹೈವೇಗೆ ಆ ಕಡೆ ಸಮುದ್ರ ಈ ಕಡೆ ಸೌಪರ್ಣಿಕಾ, ಮಕ್ಕಳು ಯಾವ ಕಿಟಕಿಗೆ ಓಡೋದು ಗೊತ್ತಾಗ್ದೆ ಜಗಳ. ಬೀಚಲ್ಲಿ ರಾತ್ರಿ ನಿಲ್ಸೋದು ಬೇಡ ಅಂತ ಹತ್ರದ ಒಂದು ಮನೆಯೋರನ್ನ ಕೇಳಿದ್ವಿ, 500 ರೂಪಾಯಿಗೆ ತೋಟದಲ್ಲಿ ಜಾಗ, ಬಾವಿ, ಬಾತ್‌ರೂಮ್ ಎಲ್ಲಾ ಕೊಟ್ರು. ಅವಲಕ್ಕಿ ಉಪ್ಪಿಟ್ಟು, ಕಾಫಿ, ಫ್ಯಾನು ಎಲ್ಲಾ ಸುಸೂತ್ರ. ರಾತ್ರಿ ಎರಡು ಗಂಟೆಗೆ ಟಾಪ್ ಮೇಲೆ ಧಡಾರ್ ಅಂತ ಸದ್ದು, ನಾನು ಟೆಂಟಿಂದ ಚಡ್ಡೀಲೇ ಓಡ್ದೆ.

ಕುಡ್ಲ_ಡೀಸೆಲ್
ತೆಂಗಿನ ಮರದ ಅಡಿ ನಿಲ್ಲಿಸಿದ್ರಾ??

ತುಂಗಾತೀರ
ಮಡಲು ಬಿತ್ತು ಅಣ್ಣ, ಒಣಗಿದ್ದು, ಸದ್ಯ ಕಾಯಿ ಅಲ್ಲ. ಟಾಪ್ ಮೇಲೆ ಅಂಗೈಯಗಲ ಡೆಂಟ್. ಒಳಗೆ ಅಮ್ಮ ಎದ್ದು ಕೂತು ಟಾರ್ಚ್ ಹಾಕ್ಕೊಂಡು ‘ಗಾಡಿ ಯಾಕೋ ಮುಂದೆ ಹೋಗ್ತಿಲ್ಲ’ ಅಂತಿದ್ರು, ನಿದ್ದೆಗಣ್ಣಲ್ಲಿ ಎಲ್ಲಿದೀವಿ ಅಂತಾನೇ ಮರ್ತಿದ್ರು. ಮಕ್ಕಳಿಗೆ ಎಚ್ಚರಾನೇ ಆಗ್ಲಿಲ್ಲ.

ಕುಡ್ಲ_ಡೀಸೆಲ್
ಘಟ್ಟದ ಮೇಲಿನವರಿಗೆ ಇದೊಂದು ಹೇಳ್ಲಿಕ್ಕೆ ಬಾಕಿ ಆಗಿತ್ತು ನೋಡಿ. ಇನ್ನು ಎಲ್ಲಿ ನಿಲ್ಲಿಸಿದ್ರೂ ಮೊದಲು ಮೇಲೆ ನೋಡಿ, ಆಮೇಲೆ ನೆಲ ನೋಡಿ. ಮತ್ತೆ ಉಪ್ಪು ಗಾಳಿಗೆ ಹೋಗಿ ಬಂದದ್ದು ಅಲ್ವಾ, ಗಾಡಿಯ ಅಡಿಗೆ ಸಿಹಿ ನೀರು ಹಾಕಿ ತೊಳೆಸಿ ಈ ವಾರವೇ.

ಒಗ್ಗರಣೆ_ಡಬ್ಬಿ
ಬಂಡೀಪುರದ ಕಡೆ ಹೋಗೋ ಪ್ಲಾನಿದ್ರೆ ರಾತ್ರಿ 9ರೊಳಗೆ ಗೇಟ್ ದಾಟೋದು ನೋಡ್ಕೊಳ್ಳಿ ಅಣ್ಣ, 9ರಿಂದ ಬೆಳಗ್ಗೆ 6ರವರೆಗೆ ಬಂದ್. ನಾವು ಒಂದ್ಸಲ 9.10ಕ್ಕೆ ತಲುಪಿ ಮತ್ತೆ ಗುಂಡ್ಲುಪೇಟೆಗೆ ವಾಪಸ್ ಬಂದು ಪೆಟ್ರೋಲ್ ಬಂಕ್‌ನೋರನ್ನ ಕೇಳ್ಕೊಂಡು ಅಲ್ಲೇ ಮಲಗಿದ್ವಿ, ಲಾರಿಯೋರು ಬೆಳಗ್ಗೆ ನಾಲ್ಕಕ್ಕೇ ಹಾಡು ಹಾಕಿದ್ರು.

ಹುಬ್ಬಳ್ಳಿ_ಗಿರ್ಮಿಟ್
ಶಿವಮೊಗ್ಗಾ ಸಾಹೇಬ್ರ, ಆ ಮಂಚದ ಅಳತಿ ಹಾಕ್ರಿ ಒಂದಿಷ್ಟು. ನಮ್ಮ ಕಾಕಾನ ಕಡೆ ಇಂತಾದ್ದ ವಿಂಗರ್ ಐತಿ, ಟಾಟಾ ಏಸ್ ಬಿಟ್ಟು ಅದ್ರಾಗ ಹೋಗೂಣು ಅಂತ ವಿಚಾರ ಬಂದೈತಿ. ಬಿಳಿಬೋರ್ಡ್ ಸಾಹೇಬ್ರು ನಗಬಾರ್ದು.

ತುಂಗಾತೀರ
ಹಾಕ್ತೀನಿ ಅಣ್ಣ. ಮೂರು ಹಲಗೆ, ಒಂದೊಂದೂ ಐದಡಿ ಉದ್ದ, 20 ಇಂಚು ಅಗಲ, ನೆಲದಿಂದ 16 ಇಂಚು ಎತ್ತರ. ಕಾಲು ಮಡಚೋ ಥರ ಹಿಂಜಸ್ಸು. ಆದ್ರೆ ನಿಮ್ಮ ಗಾಡೀನ ಟೇಪ್ ಹಿಡಿದು ಮೂರು ಕಡೆ ಅಳೀರಿ, ಹಿಂದೆ ಹೋಗ್ತಾ ಬಾಡಿ ಸ್ವಲ್ಪ ಒಳಗೆ ಬಾಗುತ್ತೆ, ನಾವು ಒಂದೇ ಕಡೆ ಅಳೆದು ಒಂದು ಹಲಗೆ ಅರ್ಧ ಇಂಚು ಜಾಸ್ತಿ ಆಗಿ ಬಾಮೈದ ಗರಗಸ ತಗೊಂಡು ಮತ್ತೆ ಬರ್ಬೇಕಾಯ್ತು. ಕಾಲಿನ ಕೆಳಗೆ ಊರುಗೋಲಿಗೆ ಹಾಕೋ ರಬ್ಬರ್ ಬುಷ್ ಹಾಕಿ, ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಇಲ್ಲಾಂದ್ರೆ ರಾತ್ರಿ ಯಾರು ಮಗ್ಗಲು ಬದಲಾಯಿಸಿದ್ರೂ ಕಿರ್ ಅನ್ನುತ್ತೆ.